ದುಗ್ಗಿಗೆ ಸಿಗದ ಪಾಲು

ಬೆಳಕನ್ನು ಹಂಚುವಾಗ ಕಡಲಿನ ಮೇಲಿನವರು ಆಳದವರಿಗೆ ಮೋಸ ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಮೋಸಹೋದವರನ್ನೇ ರಾಕ್ಷಸರು ಎಂದು ಕರೆದರು.

ಇದು ನಡೆದದ್ದು ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗದಿದ್ದಾಗ. ಆಗ ಕಡಲಿನಲ್ಲಿ ಮೇಲಿನವರು ಕೆಳಗಿನವರು ಎಂಬುದೇ ಇರಲಿಲ್ಲ. ತೀರಾ ತಳ ಬಿಟ್ಟರೆ ನೀರೆಲ್ಲ ಒಂದೇ ಬೂದು ಬಣ್ಣ. ಎಲ್ಲ ಮೀನುಗಳೂ ಅಲ್ಲೆಲ್ಲ ಈಜುತ್ತಿದ್ದವು. ಯಾರಿಗೂ ಯಾರ ಮುಖವೂ ಕಾಣುತ್ತಿರಲಿಲ್ಲ. ದನಿ ಕೇಳಿ ಗುರುತು ಹಿಡಿಯುತ್ತಿದ್ದರು.

ಹಾಗಿರುವಾಗ ಸೂರ್ಯ ಮೊದಲ ಸಲ ಕಡಲಿಗೆ ಸ್ನಾನಕ್ಕೆ ಇಳಿದ. ಮೈ ಉಜ್ಜಿಕೊಂಡ. ಉಜ್ಜಿದ ಹಾಗೆಲ್ಲ ಅವನ ಮೈಯ ಬೆಳಕು ಪದರು ಪದರಾಗಿ ಕಳಚಿ ನೀರಿಗೆ ಬಿತ್ತು. ಭತ್ತದ ಹೊಟ್ಟಿನ ಹಾಗೆ ಹಗುರವಾಗಿ, ತಿರುಗುತ್ತ ತಿರುಗುತ್ತ, ಕೆಳಕ್ಕೆ, ಕೆಳಕ್ಕೆ ಇಳಿಯತೊಡಗಿತು.

“ಹಿಡಿಯಿರಿ! ಕೆಸರಿಗೆ ಸೇರಿದರೆ ಹೋಯ್ತು!” ಎಂದು ಗಾಳಿ ಕೂಗಿತು.

ಕಡಲಿನವರು ಬಲೆ ಹಾಕಿದರು. ನಮ್ಮ ದಡದಲ್ಲಿ ಊರೆಲ್ಲ ಸೇರಿ ಎಳೆಯುವ ರಂಪಣಿ ಬಲೆಯಂಥದೇ ಬಲೆ. ಅದಕ್ಕೆ ಎರಡು ಹಗ್ಗ. ಮೇಲಿನ ಹಗ್ಗ ತೇಲುತ್ತದೆ. ಕೆಳಗಿನ ಹಗ್ಗ ನೆಲ ಕಚ್ಚಿಕೊಂಡಿರಬೇಕು. ಅದು ಎದ್ದರೆ ಬಲೆಯೊಳಗಿನದೆಲ್ಲ ಅಡಿಯಿಂದ ನುಸುಳಿಹೋಗುತ್ತದೆ. ಬಲೆಯವರ ಮುಂದಾಳಿಗೆ ತಂಡೇಲ ಎನ್ನುತ್ತಾರೆ. ಅವನು ‘ಬಿಡಿ’ ಎಂದು ಕೂಗುವವರೆಗೆ ಕೆಳಗಿನ ಹಗ್ಗ ಬಿಡುವ ಹಾಗಿಲ್ಲ. ಹಗ್ಗ ಮುಟ್ಟಿದವರಿಗೆಲ್ಲ ಪಾಲುಂಟು. ದಾರಿಯಲ್ಲಿ ಹೋಗುತ್ತಿದ್ದವನು ಬಂದು ಕೈ ಹಾಕಿದರೂ ಉಂಟು. ಈ ಕಟ್ಟಳೆ ಅಂದೇ ಇತ್ತು.

ಅಂದಿನ ತಂಡೇಲ ಅಂಜಲ್ ಮೀನು. ಉದ್ದ ಮೈ, ದೊಡ್ಡ ಗಂಟಲು.

“ಕೆಳಗಿನ ಹಗ್ಗಕ್ಕೆ ಯಾರು ಇಳೀತೀರಿ?” ಎಂದು ಅವನು ಕೇಳಿದ.

ಎಲ್ಲರೂ ಹಿಂದೆ ಸರಿದರು. ಕೆಳಗೆ ಚಳಿ. ಕೆಳಗೆ ನೀರಿನ ಭಾರ.

ಆಗ ದುಗ್ಗಿ ಮುಂದೆ ಬಂದಳು. ಅವಳು ದುಂಡು ಮೈಯ, ಪುಟ್ಟ ಬಾಯಿಯ ಮೀನು. ಹೊಟ್ಟೆ ತುಂಬ ಮೊಟ್ಟೆ.

“ನಾನು ಇಳಿತೇನೆ ಅಂಜಲಣ್ಣ. ಆದರೆ ನನ್ನ ಪಾಲು ನೆನಪಿರಲಿ. ಮರಿಗಳು ಕಣ್ಣು ಬಿಟ್ಟಾಗ ಅವಕ್ಕೆ ತಾಯಿ ಮುಖ ಕಾಣಬೇಕು. ನನ್ನ ತಾಯಿ ಮುಖ ನಾನು ನೋಡಲೇ ಇಲ್ಲ.”

“ಎಂತ ಮಾತು ಮಾರಾಯ್ತಿ! ಮೊದಲ ಪಾಲು ನಿಂದೇ,” ಎಂದ ಅಂಜಲ್.

ದುಗ್ಗಿಯ ಹಿಂದೆ ಸಣ್ಣಿ ಎಂಬ ಕಿರುಮೀನು ಇಳಿದಳು. ಇನ್ನೂ ಹಲವರು ಇಳಿದರು. ಇಳಿದರು, ಇಳಿದರು, ನೀರು ಬೂದಿನಿಂದ ಕಪ್ಪಾಯಿತು, ಕಪ್ಪಿನಿಂದ ಇನ್ನೂ ಕಪ್ಪಾಯಿತು. ಅಲ್ಲಿ ಸದ್ದು ಕೂಡ ನಿಧಾನವಾಗಿ ನಡೆಯುತ್ತಿತ್ತು. ದುಗ್ಗಿಗೆ ಕೈಯಿಲ್ಲ. ಹಗ್ಗವನ್ನು ಬಾಯಿಂದ ಕಚ್ಚಿ ಹಿಡಿದಳು.

ಮೇಲಿನವರು ಎಳೆದರು. ಬಲೆ ಎದ್ದಿತು. ತುಂಬ ಬೆಳಕು!

ಬೆಳಕು ಬಂದದ್ದೇ ತಡ, ಎಲ್ಲರಿಗೂ ತಮ್ಮ ಮೈ ತಮಗೇ ಕಂಡಿತು. ಬಂಗುಡೆಗೆ ಬೆನ್ನಿನ ಗೆರೆ ಕಂಡಿತು. ಬೂತಾಯಿ ಮೀನಿಗೆ ಹೊಟ್ಟೆ ಕಂಡಿತು.

“ನನ್ನ ಬೆನ್ನು ನೋಡೇ!”

“ತಡಿ ಮಾರಾಯ, ನನ್ನ ಹೊಟ್ಟೆ ನೋಡು ಮೊದ್ಲು!”

ಕೆಳಗಿನ ಹಗ್ಗ ಮೇಲೆ ಬರುವ ಮೊದಲೇ ಹಂಚಲು ಕೂತರು. ಹಂಚುವುದೆಂದರೇನು, ಬಾಚಿ ಬಾಚಿ ಮೈಗೆ ಸವರಿಕೊಂಡರು. ಅಂಜಲ್ ಒಮ್ಮೆ ಸವರಿಕೊಂಡ. ಸಾಲದೆಂದು ಮತ್ತೊಮ್ಮೆ ಸವರಿಕೊಂಡ. ಆ ಗದ್ದಲದಲ್ಲಿ ‘ಬಿಡಿ’ ಎಂದು ಕೂಗಲೇ ಇಲ್ಲ.

ಕೂಗದೆ ಬಿಡುವುದು ಹೇಗೆ? ಆಳದವರು ಹಿಡಿದೇ ಇದ್ದರು.

ಹಗ್ಗ ಜಗ್ಗಿದ ಹಾಗೆಲ್ಲ ದುಗ್ಗಿಯ ಬಾಯಿ ಅಗಲವಾಯಿತು. ಕಚ್ಚಿದ ಹಾಗೆಲ್ಲ ಹಲ್ಲು ಉದ್ದವಾಯಿತು. ಸಣ್ಣಿ ಕಣ್ಣು ಕದಲಿಸದೆ ಮೇಲಕ್ಕೇ ನೋಡುತ್ತಿದ್ದಳು. ನೋಡಿ ನೋಡಿ ಅವಳ ಕಣ್ಣು ನೆತ್ತಿಯ ಕಡೆ ತಿರುಗಿತು. ಆದರೂ ನೋಡಿದಳು. ತಲೆಯ ಚರ್ಮ ತೆಳುವಾಗಿ, ತೆಳುವಾಗಿ, ಕೊನೆಗೆ ಗಾಜಿನ ಹಾಗೆ ತಿಳಿಯಾಯಿತು.

“ಕೂಗು ಬಂತಾ ಸಣ್ಣಿ?” ಹಲ್ಲು ಬಿಡದೆ ದುಗ್ಗಿ ಗೊಣಗಿದಳು.

“ಇಲ್ಲ ಅಕ್ಕಾ. ನೀನು ಮಾತಾಡ್ಬೇಡ. ಹಗ್ಗ ಜಾರಿದರೆ ನಮ್ಮ ಮೇಲೇ ತಪ್ಪು ಹಾಕ್ತಾರೆ.”

ಆ ದಾರಿಯಲ್ಲಿ ತಿಮಿಂಗಿಲ ಬಂದಳು. ಉಸಿರಿಗೆ ಮೇಲೆ, ಊಟಕ್ಕೆ ಕೆಳಗೆ ಓಡಾಡುವವಳು, ಕಡಲಿಗೆಲ್ಲ ಅತ್ತೆ. ಹಗ್ಗ ಹಿಡಿದವರನ್ನು ನೋಡಿ ಅವಳು ನೇರ ಅಂಜಲ್ ಇದ್ದಲ್ಲಿಗೆ ಹೋದಳು.

“ಅಂಜಲಾ, ಕೆಳಗಿನವರ ಪಾಲೆಲ್ಲಿ?”

“ಯಾವ ಕೆಳಗಿನವರು ಅತ್ತೆ?”

“ಹಗ್ಗ ಹಿಡಿದವರು.”

“ಓಹೋ! ಅವರಿನ್ನೂ ಹಿಡ್ಕೊಂಡೇ ಇದ್ದಾರಾ? ಎಂತ ಪೆದ್ದುಗಳು!”

ಬೂತಾಯಿಗಳು ಕಿಲಕಿಲ ನಕ್ಕವು.

“ನೀನು ಬಿಡಿ ಅನ್ನದೆ ಅವರು ಬಿಟ್ಟಾರಾ? ಅವರು ಬಿಟ್ಟಿದ್ದರೆ ನಿನ್ನ ಮೈ ಹೀಗೆ ಹೊಳೀತಿತ್ತಾ? ಕೆರೆದು ಕೊಡು ಒಂದಿಷ್ಟು.”

“ಅಂಟಿಹೋಗಿದೆ ಅತ್ತೆ. ಈಗ ಕೆರೆದರೆ ಚರ್ಮ ಕಿತ್ತು ಬರ್ತದೆ.”

“ಬರಲಿ!”

ಅಂಜಲ್ ಬಾಲ ತಿರುಗಿಸಿ ಹೋದ. ತಿಮಿಂಗಿಲ ಬರಿಗೈಯಲ್ಲಿ ಕೆಳಗಿಳಿದು, ನಡೆದದ್ದನ್ನು ನಡೆದ ಹಾಗೇ ಹೇಳಿದಳು.

ದುಗ್ಗಿ ಬಾಯಿ ಬಿಟ್ಟಳು. ಹಗ್ಗ ತೇಲಿಹೋಯಿತು. ಆದರೆ ಬಾಯಿ ಮತ್ತೆ ಮುಚ್ಚಲಿಲ್ಲ. ಹೊಟ್ಟೆಯಲ್ಲಿ ಮೊಟ್ಟೆಗಳು ಮಿಸುಕುತ್ತಿದ್ದವು. ಸುತ್ತ ಕತ್ತಲೆ, ಸುತ್ತ ಕತ್ತಲೆ.

“ಇವೂ ನನ್ನ ಹಾಗೇ,” ಎಂದಳು ದುಗ್ಗಿ. “ತಾಯಿಯ ಮುಖ ನೋಡದವು.”

ಆಗ ಅವಳ ಹಲ್ಲಿನ ಸಂದಿಯಿಂದ ಸಣ್ಣ ದನಿಗಳು ಬಂದವು. “ಅಕ್ಕಾ, ನಾವಿದ್ದೇವೆ.”

“ಯಾರು ನೀವು?”

“ಹಗ್ಗಕ್ಕೆ ಅಂಟಿಕೊಂಡು ಎಳೆದವರು. ಕಣ್ಣಿಗೆ ಕಾಣದಷ್ಟು ಚಿಕ್ಕವರು, ಅದಕ್ಕೇ ನಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಗ್ಗಕ್ಕೆ ತಾಗಿದ ಬೆಳಕಿನ ಪುಡಿ ನುಂಗಿದ್ದೇವೆ. ಆದರೆ ಒಬ್ಬೊಬ್ಬರೇ ಹೊಳೆದರೆ ಕಾಣುವುದಿಲ್ಲ. ಎಲ್ಲರೂ ಒಟ್ಟಿಗೆ ಕೂರಲು ಜಾಗ ಕೊಡ್ತೀಯಾ?”

ದುಗ್ಗಿ ತನ್ನ ಬೆನ್ನಿನ ಒಂದು ಮುಳ್ಳನ್ನು ಎಳೆದು ಎಳೆದು ಉದ್ದ ಮಾಡಿದಳು. ಹಣೆಯ ಮುಂದೆ ಕೋಲಿನ ಹಾಗೆ ಬಾಗಿಸಿದಳು.

“ಇದರ ತುದಿಗೆ ಕೂತ್ಕೊಳ್ಳಿ.”

“ಊಟ?”

“ನಾನು ತಿಂದದ್ದರಲ್ಲಿ ಪಾಲು. ಕೇಳುವುದೆಂತ ಅದನ್ನು!”

ಅವರು ಕೂತರು. ಒತ್ತೊತ್ತಾಗಿ ಕೂತರು. ಮೆಲ್ಲಗೆ ದೀಪ ಹೊತ್ತಿತು. ಸೂರ್ಯನ ಬಂಗಾರದ ಬಣ್ಣವಲ್ಲ. ಆಳದಲ್ಲಿ ನೆನೆದು ನೆನೆದು ನೀಲಿಯಾದ ಬೆಳಕು.

ಆ ಬೆಳಕಿನಲ್ಲಿ ದುಗ್ಗಿ ಇಟ್ಟ ಮೊಟ್ಟೆಗಳು ಒಡೆದವು. ಮರಿಗಳು ಕಣ್ಣು ಬಿಟ್ಟವು. ಎದುರಿಗೆ ತಾಯಿಯ ಮುಖ: ಅಗಲ ಬಾಯಿ, ಉದ್ದ ಹಲ್ಲು, ಹಣೆಯ ಮೇಲೆ ದೀಪ.

“ಅಮ್ಮಾ,” ಎಂದಿತು ಮೊದಲ ಮರಿ, “ನಿನ್ನ ಹಲ್ಲು ಎಷ್ಟು ಚಂದ!”

ಆಳದವರೆಲ್ಲ ಆ ಚಿಕ್ಕವರಿಗೆ ಜಾಗ ಕೊಟ್ಟರು. ಒಬ್ಬರು ಹೊಟ್ಟೆಯ ಉದ್ದಕ್ಕೂ ಸಾಲಾಗಿ, ಒಬ್ಬರು ಕಣ್ಣಿನ ಕೆಳಗೆ, ಎಂಟು ತೋಳಿನವರೊಬ್ಬರು ತೋಳುಗಳ ತುದಿಗೆ. ಕಪ್ಪು ನೀರಿನಲ್ಲಿ ನೀಲಿ ದೀಪಗಳು ಮೆಲ್ಲಗೆ ಓಲಾಡಿದವು. ಸಣ್ಣಿ ತನ್ನ ಗಾಜಿನ ತಲೆಯೊಳಗಿಂದ ಅವನ್ನು ನೋಡುತ್ತ ತೇಲಿದಳು.

ಮೇಲಿಂದ ಬಗ್ಗಿ ನೋಡಿದ ಅಂಜಲ್‌ಗೆ ಆ ದೀಪಗಳು ಕಂಡವು. ಪಾಲು ಕೇಳಲು ಬರುತ್ತಿದ್ದಾರೆ ಎಂದುಕೊಂಡ. ಕಳ್ಳನಿಗೆ ಇನ್ನೇನು ಹೊಳೆದೀತು?

“ಓಡಿ!” ಎಂದು ಕೂಗಿದ. “ಅವರು ನಮ್ಮವರಲ್ಲ. ಬೇರೆ ಲೋಕದ ರಾಕ್ಷಸರು. ಆ ಬಾಯಿ ನೋಡಿ, ನಮ್ಮನ್ನೆಲ್ಲ ನುಂಗ್ತಾರೆ!”

ಹಗ್ಗ ಕಚ್ಚಿ ಕಚ್ಚಿ ಅಗಲವಾದ ಬಾಯಿ ಅದು. ಅದನ್ನು ಯಾರೂ ಹೇಳಲಿಲ್ಲ. ಬೂತಾಯಿಗಳು ಆ ಸುಳ್ಳನ್ನು ಅಲೆಗೆ ಹೇಳಿದವು. ಅಲೆ ದಡಕ್ಕೆ ಹೇಳಿತು. ದಡದಲ್ಲಿ ಮನುಷ್ಯ ಕೇಳಿಸಿಕೊಂಡ. ಕಥೆ ಕಟ್ಟುವಾಗ ಅವನು ಅದಕ್ಕೊಂದು ಗ್ರಹ ಸೇರಿಸಿದ, ಒಂದು ರಾಕೆಟ್ ಸೇರಿಸಿದ, ಬಂದೂಕು ಹಿಡಿದ ಒಬ್ಬ ವೀರನನ್ನೂ ಸೇರಿಸಿದ.

ಅದಕ್ಕೇ ಇಂದಿಗೂ ಆಳದ ಮೀನುಗಳು ತಮ್ಮ ದೀಪವನ್ನು ತಾವೇ ಹೊತ್ತು ತಿರುಗುತ್ತವೆ. ಅದಕ್ಕೇ ನೀನು ನೋಡುವ ಸಿನಿಮಾದಲ್ಲಿ, ಓದುವ ಪುಸ್ತಕದಲ್ಲಿ, ಬೇರೆ ಗ್ರಹದಿಂದ ಬರುವ ರಾಕ್ಷಸನಿಗೆ ದುಗ್ಗಿಯ ಮುಖವಿರುತ್ತದೆ.

ಈ ಕಥೆ ಕೇಳಿದ ನೀನೂ ಒಂದು ದಿನ ಅಂಥ ಕಥೆ ಬರೆದೀಯ. ಬರೆ. ಆದರೆ ಆ ಮುಖ ಎದುರು ಬಂದಾಗ ವೀರನ ಬಂದೂಕನ್ನು ಕೆಳಗಿಡಿಸು. ‘ನಿನ್ನ ಪಾಲು ತಿಂದವರು ಯಾರು?’ ಎಂದು ಅವಳನ್ನು ಕೇಳು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆ.