ಲಾಳ ಕಟ್ಟುವವನ ಬಾಯಿಹುಣ್ಣು

"ಬುದ್ಧಿ, ಮಿತವಾಗಿ ಕುಡಿದು ತನ್ನ ಪಾಡಿಗೆ ಮಲಗುವವನು ಯಾರಿಗೆ ಏನು ಕೆಡುಕು ಮಾಡಿದ ಹಾಗಾಯಿತು?" ಎಂದು ಗುರುಮಲ್ಲ ಕೇಳಿದ. ಅವನು ಮಠಕ್ಕೆ ಬಹಳ ಕಾಲದಿಂದ ನಡೆದುಕೊಳ್ಳುತ್ತಿದ್ದ ಸಂಸಾರಸ್ಥ ಶಿಷ್ಯ. ಗುರುಗಳು ಉತ್ತರ ಕೊಡುವ ಬದಲು ಒಂದು ಕತೆ ಹೇಳಿದರು.

ಎತ್ತುಗಳಿಗೆ ಲಾಳ ಕಟ್ಟುವವನೊಬ್ಬನಿದ್ದ. ಎತ್ತಿಗೆ ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲನ್ನೂ ಸೇರಿಸಿ ಬಿಗಿದು, ಗೊರಸಿಗೆ ಕಬ್ಬಿಣದ ಲಾಳವಿಟ್ಟು ಮೊಳೆ ಹೊಡೆಯುವುದು ಅವನ ಕಸುಬು. ಒಂದು ಕೈಯಲ್ಲಿ ಗೊರಸು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗಳಿಗೆ ಬಾಯಿಯೇ ಜಾಗ. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಸಂಜೆಯಾದರೆ ಮಾತ್ರ ಸಾರಾಯಿ ಬೇಕು. ಕುಡಿದು ಯಾರ ಮೇಲೂ ಕೈ ಮಾಡಿದವನಲ್ಲ, ದಾರಿಯಲ್ಲಿ ಬಿದ್ದವನೂ ಅಲ್ಲ. ಹೊಗೆಸೊಪ್ಪನ್ನಂತೂ ಮುಟ್ಟುತ್ತಲೇ ಇರಲಿಲ್ಲ. ಅದರಿಂದ ಬಾಯಿ ಕೆಡುತ್ತದೆ ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದ. ಉಪದೇಶ ಮುಗಿದ ಮೇಲೆ ಸಾರಾಯಿ ಅಂಗಡಿಯ ಕಡೆ ಹೊರಡುತ್ತಿದ್ದ.

ಒಂದು ಸಲ ಅವನ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಮೊಳೆ ಚುಚ್ಚಿರಬೇಕು ಎಂದುಕೊಂಡ. ಮೊಳೆಗಳನ್ನು ಬಲದವಡೆಯಿಂದ ಎಡದವಡೆಗೆ ಬದಲಾಯಿಸಿದ. ಹುಣ್ಣು ಮಾಯಲಿಲ್ಲ. ಹಳೆಯ ಮೊಳೆಗಳನ್ನು ಎಸೆದು ಹೊಸವನ್ನು ತಂದ. ಆಗಲೂ ಮಾಯಲಿಲ್ಲ. ಗೊರಸು ಸೀಳಿದ ಎತ್ತುಗಳ ಗಾಯಕ್ಕೆ ಅವನು ಸಾರಾಯಿ ಸುರಿಯುತ್ತಿದ್ದ, ಎಷ್ಟೋ ಗಾಯಗಳು ಒಣಗುತ್ತಿದ್ದವು. ಎತ್ತಿಗೆ ಒಗ್ಗಿದ್ದು ತನಗೆ ಒಗ್ಗದೆ ಹೋಗುತ್ತದೆಯೇ ಎಂದುಕೊಂಡು, ಸಾರಾಯಿಯನ್ನು ಹುಣ್ಣಿನ ಮೇಲೆ ನಿಲ್ಲಿಸಿಕೊಂಡು ನುಂಗತೊಡಗಿದ. ಮೊದಲು ಉರಿಯುತ್ತಿತ್ತು, ಆಮೇಲೆ ಜೋಮು ಹಿಡಿಯುತ್ತಿತ್ತು. ಜೋಮನ್ನೇ ಅವನು ಗುಣವೆಂದು ತಿಳಿದ. ಪಾಪ, ಯಾವುದು ಹುಣ್ಣನ್ನು ತಂದಿತ್ತೋ ಅದನ್ನೇ ಅದಕ್ಕೆ ಉಣಿಸುತ್ತಿದ್ದ.

ಅವನ ಹೆಂಡತಿಗೆ ಅನುಮಾನ ಬಂತು. ಖಾರವಿಲ್ಲದೆ ಮುದ್ದೆ ಮುರಿಯದಿದ್ದ ಗಂಡ ಈಗ ಸಾರಿಗೆ ಮೆಣಸಿನಕಾಯಿ ಹಾಕಬೇಡ ಎನ್ನುತ್ತಿದ್ದ. ವೈದ್ಯರಿಗೆ ತೋರಿಸಿ ಎಂದು ಅವಳು ಎಷ್ಟು ಹೇಳಿದರೂ, ಮೊಳೆಯ ಗಾಯಕ್ಕೆ ವೈದ್ಯರೇಕೆ ಎಂದು ಅವನು ಸಿಡುಕಿದ.

ಹೀಗಿರುವಾಗ ಒಬ್ಬ ವ್ಯಾಪಾರಿ ಗಾಡಿಯ ಎತ್ತೊಂದನ್ನು ಹೊಡೆದುಕೊಂಡು ಬಂದ. ಬಲು ಪುಂಡ ಎತ್ತು. ಅಂದು ಮಾತ್ರ ಕೆಡವಿದರೆ ಸುಮ್ಮನೆ ಬಿದ್ದುಕೊಂಡಿತು. ಲಾಳ ಕಟ್ಟುವವನು ಬಗ್ಗಿ ಅದರ ಬಾಯಿ ಮೂಸಿದ. ಸುತ್ತಿಗೆ ಕೆಳಗಿಟ್ಟ.

"ಇದಕ್ಕೆ ಈಗ ನಾನು ಲಾಳ ಕಟ್ಟುವುದಿಲ್ಲ. ಅಮಲು ಇಳಿದ ಮೇಲೆ ಕರೆದುಕೊಂಡು ಬನ್ನಿ."

"ಒದೆಯಬಾರದು ಅಂತಲೇ ಕುಡಿಸಿದ್ದು ಕಣಯ್ಯ, ನಿನಗೇ ಅನುಕೂಲವಲ್ಲವೇ?" ಎಂದ ವ್ಯಾಪಾರಿ.

"ಮೊಳೆ ಮಾಂಸಕ್ಕೆ ಇಳಿದರೆ ಎತ್ತು ಕಾಲು ಒದರಬೇಕು ಸ್ವಾಮಿ. ಒದರಿದರೆ ತಾನೇ ನಾನು ಮೊಳೆ ಕೀಳುವುದು? ಇದಕ್ಕೆ ನೋವೇ ತಿಳಿಯುವುದಿಲ್ಲ. ನಾನು ಹೊಡೆಯುತ್ತಲೇ ಹೋಗುತ್ತೇನೆ, ಒಳಗೆ ಕೀವಾಗಿ ಕಾಲೇ ಹೋಗುತ್ತದೆ."

ನೀರು ತಂದಿದ್ದ ಹೆಂಡತಿ ಈ ಮಾತು ಕೇಳಿ ಗಂಡನ ಮುಖವನ್ನೇ ನೋಡಿದಳು. ಅವನು ತಲೆ ತಗ್ಗಿಸಿದ. ಆಡಿದ ಮಾತು ಅವನಿಗೇ ತಗುಲಿತ್ತು.

ಅಂದು ಸಂಜೆ ಅವನು ಕುಡಿಯಲಿಲ್ಲ. ಅಷ್ಟು ದಿನ ಅದುಮಿಟ್ಟಿದ್ದ ನೋವು ಒಟ್ಟಿಗೇ ಎದ್ದಿತು. ಕಿವಿಯವರೆಗೂ ಹತ್ತಿದ ಆ ನೋವಿಗೆ ಹೆದರಿ ಅವನು ಹೆಂಡತಿಯ ಕೈ ಹಿಡಿದುಕೊಂಡು ಅತ್ತ. ಮರುದಿನ ವೈದ್ಯರು ಅವನ ಬಾಯಿ ನೋಡಿ, ಕತ್ತಿನಲ್ಲಿ ಎದ್ದಿದ್ದ ಗಂಟೊಂದನ್ನು ಒತ್ತಿ ನೋಡಿ, ಇದು ಕ್ಯಾನ್ಸರ್ ಎಂದರು. ಹೊಗೆಸೊಪ್ಪು ಮುಟ್ಟಿದವನೇ ಅಲ್ಲ ಎಂದು ಅವನು ಗೋಗರೆದ. ಇದನ್ನು ತರಲು ಹೊಗೆಸೊಪ್ಪೇ ಬೇಕಿಲ್ಲ, ಸಾರಾಯಿಯೊಂದೇ ಸಾಕು, ಹುಣ್ಣು ಮಾಯದಿದ್ದಾಗಲೇ ಬಂದಿದ್ದರೆ ಸ್ವಲ್ಪದರಲ್ಲಿ ಮುಗಿಯುತ್ತಿತ್ತು ಎಂದರು ವೈದ್ಯರು. ಅರ್ಧ ನಾಲಿಗೆಯನ್ನು ಕತ್ತರಿಸಿ ತೆಗೆದರು.

ಜೀವ ಉಳಿಯಿತು. ಕಸುಬೂ ಉಳಿಯಿತು. ಆದರೆ ಕೆಡವಿದ ಎತ್ತಿನ ಕಿವಿಯ ಹತ್ತಿರ ಕೂತು ಸಮಾಧಾನದ ಮಾತು ಹೇಳದಿದ್ದರೆ ಅದು ಬೆದರುತ್ತದೆ. ಆ ಮಾತನ್ನು ಈಗ ಅವನ ಹೆಂಡತಿ ಹೇಳುತ್ತಾಳೆ. ಅವನು ಸುಮ್ಮನೆ ಮೊಳೆ ಹೊಡೆಯುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲ, ಕುಡಿದವರಿಗೆಲ್ಲ ಹೀಗಾಗುವುದಿಲ್ಲವಲ್ಲ ಎಂದ. ಎಲ್ಲರಿಗೂ ಆಗುವುದಿಲ್ಲ, ಅದು ನಿಜ ಎಂದು ಗುರುಗಳು ಒಪ್ಪಿಕೊಂಡರು. ಆಮೇಲೆ ಎದ್ದು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದು, ಅವನ ಮುಖಕ್ಕೆ ಬೆಳಕು ಬೀಳುವಂತೆ ಮಾಡಿ ಹೇಳಿದರು:

"ಈಚೆಗೆ ಪ್ರಸಾದಕ್ಕೆ ಕೂತಾಗೆಲ್ಲ ನೀನು ಒಂದೇ ದವಡೆಯಲ್ಲಿ ಅಗಿಯುತ್ತಿದ್ದೀಯೆ ಗುರುಮಲ್ಲ; ಬಾಯಿ ತೆರೆ, ನೋಡೋಣ."