ಹಾಳೆಗೆ ಎರಡು ರೂಪಾಯಿ

ಒಂದು ಗುಡ್ಡ, ಗುಡ್ಡದ ಮೇಲೊಂದು ವಿಶ್ವವಿದ್ಯಾಲಯ, ಅಲ್ಲಿ ಕಸ ಹೊಡೆಯೋ ತಂಗೆವ್ವ, ತಂಗೆವ್ವಗೊಬ್ಬ ಮಗ ಅಡಿವೆಪ್ಪ. ವಯಸ್ಸು ಇಪ್ಪತ್ತಾರು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವ, ಉಳಿದ ಹೊತ್ತು ಮೋಡ ನೋಡುವವ.

ತಿಂಗಳ ಕೊನೆಗೆ ತಂಗೆವ್ವನ ನೌಕರಿ ಮುಗಿಯುವುದಿತ್ತು. ನೌಕರಿ ಹೋದರೆ ಹಾಸ್ಟೆಲ್ ಹಿಂದಿನ ಖೋಲಿಯೂ ಹೋಯಿತು. ಮಗನಿಗೆ ಕೆಲಸ ಸಿಕ್ಕರೆ ಖೋಲಿ ಉಳಿದೀತು. ಅವಳು ಲೈಬ್ರರಿಯ ಕೌಸರ್ ಮೇಡಮ್ಮರ ಮುಂದೆ ಕೈಮುಗಿದು ನಿಂತಳು.

"ಇಂವನ್ನ ಎಲ್ಲೆರ ಕುಂಡ್ರಸ್ರಿ ಮೇಡಮ್ಮಾರ. ನನಗಂತೂ ಸಾಕಾಗೇತಿ."

"ಪ್ರಿಂಟಿನ ಕೋಣ್ಯಾಗ ಕುಂಡರ್ಲಿ. ಒಂದು ತಿಂಗಳ ನೋಡೂಣು," ಅಂದರು ಮೇಡಮ್.

ಅಡಿವೆಪ್ಪ ಕೂತ. ಮಷಿನ್ ಗುಂಯ್ ಅಂತ ಜೋಗುಳ ಹಾಡುತ್ತಿತ್ತು. ಹಾಳೆ ಬಿಸಿಬಿಸಿ ಹೊರಗೆ ಬರುತ್ತಿತ್ತು, ಹಂಚಿನಿಂದ ಎತ್ತಿದ ರೊಟ್ಟಿ ಬಂದ ಹಾಗೆ. ಅವ ಅದನ್ನು ಗಲ್ಲಕ್ಕೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ.

"ಹಾಳಿ ಯಾರದು ಅಂತ ಈ ವಹಿಯೊಳಗ ಬರಿ. ಹಾಳಿಗೆ ಎರಡು ರೂಪಾಯಿ," ಅಂದರು ಮೇಡಮ್.

"ಬರೀತೀನ್ರಿ!"

ಬರೆದ. ವಾರ ಬಿಟ್ಟು ವಹಿ ತೆಗೆದರೆ, ಮೊದಲ ಪುಟದ ತುಂಬ 'ವಿಶ್ವವಿದ್ಯಾಲಯದ್ದು'. ಎರಡನೆಯ ಪುಟದ ತುಂಬ 'ವಿಶ್ವವಿದ್ಯಾಲಯದ್ದು'.

"ಏನೋ ಇದು?"

"ಹಾಳಿ ಕಟ್ಟು ಸ್ಟೋರಿನಿಂದ ನಾನಾ ಹೊತ್ತು ತಂದೀನ್ರಿ. ಎಲ್ಲಾ ವಿಶ್ವವಿದ್ಯಾಲಯದ್ದಾ. ನಿಮಗ ಗೊತ್ತಿಲ್ಲೇನ್ರಿ?"

"ಅಯ್ಯ ಹುಚ್ಚಪ್ಪಾ! ಹಾಳಿ ಮ್ಯಾಲ ಯಾರ ಹೆಸರು ಇರ್ತದೋ ಅವರ ಲೆಕ್ಕಕ್ಕ ಹಚ್ಚು!"

"ಹೌದ್ರಿ ಹೌದ್ರಿ, ಹಂಗಾ ಮಾಡ್ತೀನಿ!"

ಆ ವಾರ ಹಾಸ್ಟೆಲಿನಲ್ಲಿ ನೀರಿರಲಿಲ್ಲ. ಹುಡುಗರು ನೂರಾ ಮೂವತ್ತು ಅರ್ಜಿ ಪ್ರಿಂಟ್ ತೆಗೆದರು. ಒಂದೊಂದರ ನೆತ್ತಿಯ ಮೇಲೂ 'ಮಾನ್ಯ ಕುಲಪತಿಗಳಿಗೆ'. ಅಡಿವೆಪ್ಪ ವಹಿಯನ್ನು ಬಗಲಲ್ಲಿ ಹಿಡಿದು ನೇರ ಕುಲಪತಿಗಳ ಕೋಣೆಗೆ ನಡೆದ.

"ಸಾಹೇಬ್ರ, ಇನ್ನೂರಾ ಅರವತ್ತು ರೂಪಾಯಿ ಕೊಡ್ರಿ. ಒಬ್ಬರಾ ಎಷ್ಟಂತ ತಗಸ್ತೀರಿ? ಮಷಿನ್ನಿಗೂ ಜೀವ ಐತಿ!"

ಕುಲಪತಿಗಳು ಮೇಡಮ್ಮರನ್ನು ಕರೆಸಿದರು. ಮೇಡಮ್ ಕೆಂಪಾಗಿ ಬಂದರು.

"ಹಾಳಿ ನೋಡಬ್ಯಾಡೋ, ಮಂದಿ ನೋಡು! ಮಷಿನ್ ಮುಂದ ಯಾರು ನಿಂತು ತಗೀತಾರೋ ಅವರ ಕಡೆ ಇಸ್ಕೊ!"

"ಹೌದ್ರಿ ಹೌದ್ರಿ, ಹಂಗಾ ಮಾಡ್ತೀನಿ!"

ಮರುದಿನ ಮಷಿನ್ ಕೆಟ್ಟಿತು. ರಿಪೇರಿಯವ ಬಂದ, ಮುಂದೆ ನಿಂತ, ಸರಿಹೋಯಿತೋ ಇಲ್ಲೋ ನೋಡಲು ಬರೇ ಕರಿ ಗೆರೆಯ ನಲವತ್ತು ಹಾಳೆ ತೆಗೆದ.

"ಎಂಬತ್ತು ರೂಪಾಯಿ!" ಅಂದ ಅಡಿವೆಪ್ಪ.

"ಏ, ನಾ ರಿಪೇರಿಗೆ ಬಂದಾಂವೋ!"

"ಬಂದೀರಿ, ನಿಂತೀರಿ, ತಗದೀರಿ! ಕೊಡ್ರಿ!"

ರಿಪೇರಿಯವ ಮಷಿನ್ನಿನ ಹೊಟ್ಟೆ ತೆರೆದಂತೆಯೇ ಬಿಟ್ಟು ಎದ್ದು ಹೋದ. ಎರಡು ದಿನ ಪ್ರಿಂಟ್ ಬಂದ್.

ತಂಗೆವ್ವ ಕಸಬರಿಗೆ ಎತ್ತಿದಳು. "ಖೋಲಿ ಹೋದ್ರ ನನ್ನ ಎಲ್ಲಿ ಇಡ್ತೀಯೋ? ಆ ಮೋಡದಾಗೇನು?" ಅಂದು ಅತ್ತಳು.

ಮೇಡಮ್ಮರಿಗೂ ಕರುಳು ಚುರ್ ಅಂದಿತು. "ಕಡೀ ಮಾತು ಕೇಳು, ಅಡಿವೆಪ್ಪ. ಹಾಳಿ ಯಾರು ಹೊರಗ ಒಯ್ತಾರೋ ಅವರನ್ನ ಕೇಳು. ರೊಕ್ಕ ಬರೂತನಕ ಹಾಳಿ ಬಿಡಬ್ಯಾಡ. ರೊಕ್ಕ ಬಂತೋ, ಬಿಟ್ಟುಬಿಡು. ಇಷ್ಟಾ!"

ಇದು ಕೂಡಿ ಬಂತು! ಹುಡುಗರು ಒಯ್ದರು, ಇವ ಹಿಡಿದ. ಅವರು ಕೊಟ್ಟರು, ಇವ ಬಿಟ್ಟ. ಹಿಡಿದ, ಬಿಟ್ಟ. ಹಿಡಿದ, ಬಿಟ್ಟ. ದಿನಗಳು ನಿದ್ದೆಯಲ್ಲಿ ನಡೆದ ಹಾಗೆ ಹೋದವು. ಹದಿನೈದು ದಿನ ಒಂದು ತಪ್ಪಿಲ್ಲ.

ತಿಂಗಳ ಕೊನೆಯ ದಿನ ಮೇಡಮ್ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. "ನಿನ್ನ ನೌಕರಿ ಆರ್ಡರ್ರು. ಸಾಹೇಬ್ರು ಸಹಿ ಹಾಕಿ ಪರವೂರಿಗೆ ಹೊಂಟ್ರು. ಇದನ್ನ ನೀ ಐದರೊಳಗ ಆಫೀಸಿಗೆ ಮುಟ್ಟಿಸಬೇಕು. ಇಲ್ಲಂದ್ರ ನೌಕರಿ ಇಲ್ಲ, ಖೋಲಿ ಇಲ್ಲ."

ಮೇಡಮ್ ಅತ್ತ ಹೋದರು. ಇತ್ತ ಕಿಟಕಿಯಿಂದ ತಣ್ಣನೆ ಗಾಳಿ ಬಂತು, ಮೇಜು ಸವರಿತು, ಹಾಳೆಯನ್ನೆತ್ತಿಕೊಂಡು ಹೊರಗೆ ಹೋಯಿತು.

"ಏ! ರೊಕ್ಕ!" ಅಡಿವೆಪ್ಪ ವಹಿ ಹಿಡಿದು ಓಡಿದ.

ಹಾಳೆ ತೇಲಿತು, ಇವ ಓಡಿದ. ಬೇವಿನ ಸಾಲು ದಾಟಿತು, ಇವನೂ ದಾಟಿದ. ಗುಡ್ಡದ ಅಂಚಿನಲ್ಲಿ ಹಾಳೆಯ ತುದಿ ಕೈಗೆ ಸಿಕ್ಕಿತು. ಅತ್ತ ಗಾಳಿ ಜಗ್ಗಿತು, ಇತ್ತ ಇವ ಜಗ್ಗಿದ.

"ಕೊಟ್ಟು ಒಯ್ಯಿ! ಎರಡಾ ರೂಪಾಯಿ!"

ಮೇಡಮ್ಮರಿಂದ ಆರ್ಡರಿನ ಸುದ್ದಿ ಕೇಳಿದ್ದ ತಂಗೆವ್ವ ಏದುಸಿರು ಬಿಡುತ್ತ ಬಂದಳು. "ಬಿಡಬ್ಯಾಡೋ ನನ್ನಪ್ಪಾ! ನಿನ್ನ ನೌಕರಿ ಹಾಳಿ ಅದು!"

"ಬಿಡಂಗಿಲ್ಲವ್ವಾ! ಇದು ರೊಕ್ಕ ಕೊಡವಲ್ದು!"

"ಯಾವುದೋ?"

"ಗಾಳಿ! ಹೊರಗ ತಂದಿದ್ದು ಅದಾ ಅಲ್ಲ?"

ಆಫೀಸಿನ ಗಡಿಯಾರದಲ್ಲಿ ಐದಕ್ಕೆ ಹತ್ತೇ ನಿಮಿಷ. ತಂಗೆವ್ವ ಹಣೆ ಬಡಿದುಕೊಂಡು ಸೆರಗಿನ ಗಂಟು ಬಿಚ್ಚಿದಳು, ಐದು ರೂಪಾಯಿ ನಾಣ್ಯ ತೆಗೆದಳು. "ತಗೋ! ಗಾಳೀದು ನಾನಾ ಕೊಡ್ತೀನಿ! ನಡಿ ಆಫೀಸಿಗೆ!"

ಅಡಿವೆಪ್ಪನ ಮುಖ ಅರಳಿತು. ನಾಣ್ಯ ಇಸಕೊಂಡ. ರೊಕ್ಕ ಬಂತು.

ಹಾಳೆ ಬಿಟ್ಟುಬಿಟ್ಟ.

ಹಾಳೆ ಮೇಲೆ ಹೋಯಿತು, ಇನ್ನೂ ಮೇಲೆ, ಸಂಜೆ ಬಿಸಿಲಲ್ಲಿ ಹೊಳೆಯುತ್ತ, ಅವಸರವಿಲ್ಲದೆ. ತಂಗೆವ್ವ ಬಾಯಿ ತೆರೆದು ನಿಂತಳು. ಅಷ್ಟರಲ್ಲಿ ಮಗ ಒಮ್ಮೆಲೆ ಬೆಚ್ಚಿಬಿದ್ದು, ನಾಣ್ಯ ನೋಡಿ, ಹಾಳೆ ನೋಡಿ, ಗುಡ್ಡ ಇಳಿದು ಓಡತೊಡಗಿದ.

"ಹಾಂ! ಓಡೋ ನನ್ನ ಮಗನ!" ತಂಗೆವ್ವ ಕೂಗಿದಳು. "ಈಗರ ತಿಳೀತಲ್ಲ! ಓಡು, ಹಿಡಿ ಅದನ್ನ!"

ಕೆಳಗಿನಿಂದ ಮಗನ ದನಿ ತೇಲಿ ಬಂತು:

"ಏ ಗಾಳೀ! ನಿಂದ್ರಾ! ಮೂರು ರೂಪಾಯಿ ಚಿಲ್ಲರ ಬಿಟ್ಟು ಹೊಂಟೀಯಲ್ಲಾ!"