ಬಾವಿಯ ಮೇಲಿನ ಗೂಡು

ಬಾವಿಯ ಮೇಲೆ ಬಾಗಿದ್ದ ಈಚಲು ಮರದಲ್ಲಿ ಗೀಜಗವು ರಾಟವಾಳ ಹಕ್ಕಿಗೆ ಒಂದು ಗೂಡು ನೇಯ್ದುಕೊಟ್ಟಿತು. ಮೊದಲ ಗಾಳಿಗೇ ಗೂಡು ವಾಲಿತು.

"ನಿನ್ನ ನೇಯ್ಗೆ ಸರಿಯಿಲ್ಲ" ಎಂದಿತು ರಾಟವಾಳ.

"ಕಟ್ಟಲು ನೀನು ತೋರಿಸಿದ ಈಚಲ ಗರಿಯೇ ಬಡಕಲು" ಎಂದಿತು ಗೀಜಗ.

ಎರಡರ ನಡುವೆ ಮಾತು ನಿಂತಿತು. ಮೊಟ್ಟೆಯಿಡುವ ಕಾಲ ಮಾತ್ರ ಹತ್ತಿರ ಬರುತ್ತಿತ್ತು. ಕೊನೆಗೆ ಎರಡೂ ಹಕ್ಕಿಗಳು ಬಾವಿಯ ಆಮೆಯ ಮೊರೆಹೋದವು.

ಆಮೆ ಅವುಗಳನ್ನು ಬೇರೆಬೇರೆಯಾಗಿ ಕೂರಿಸಿಕೊಂಡು, "ನಿನಗೆ ಯಾವುದರ ಭಯ?" ಎಂದು ಕೇಳಿತು.

"ಮರಿಗಳು ನೀರಿಗೆ ಬಿದ್ದರೆ?" ಎಂದಿತು ರಾಟವಾಳ.

"ತಪ್ಪೊಪ್ಪಿಕೊಂಡರೆ ಮುಂದೆ ಯಾರೂ ನನ್ನನ್ನು ಗೂಡು ಕಟ್ಟಲು ಕರೆಯುವುದಿಲ್ಲ" ಎಂದಿತು ಗೀಜಗ.

ಆಮೆ ಎರಡರ ಒಪ್ಪಿಗೆಯನ್ನೂ ಪಡೆದು, ಒಂದರ ಭಯವನ್ನು ಇನ್ನೊಂದಕ್ಕೆ ತಿಳಿಸಿತು. ಗೀಜಗ, "ಗಟ್ಟಿಯಾದ ಗರಿಗೆ ಇವತ್ತೇ ಬಿಗಿದು ಕಟ್ಟುತ್ತೇನೆ" ಎಂದಿತು.

"ನಾರು ನಾನು ತರುತ್ತೇನೆ. ಕಟ್ಟಿದವನು ನೀನೆಂದು ಎಲ್ಲರಿಗೂ ಹೇಳುತ್ತೇನೆ" ಎಂದಿತು ರಾಟವಾಳ.

ಜಗಳ ನೋಡಲು ಬಂದಿದ್ದ ಕಾಗೆ, "ಹಾಗಾದರೆ ತಪ್ಪು ಯಾರದು, ಆಮೆಯಣ್ಣ?" ಎಂದು ಕೇಳಿತು.

"ಅದನ್ನು ನಾನು ಹುಡುಕಲೇ ಇಲ್ಲ. ಇವರಿಗೆ ಬೇಕಾಗಿದ್ದುದು ಗೂಡು" ಎಂದಿತು ಆಮೆ.

ಮರುದಿನ ಬೆಳಿಗ್ಗೆ ಕಾಗೆ, ಜಗಳವಾಡಿ ಬಹುಕಾಲದಿಂದ ತಾನು ಮುಖ ನೋಡದಿದ್ದ ಕೋಗಿಲೆಯನ್ನು ಜೊತೆಗೆ ಕರೆದುಕೊಂಡು ಬಾವಿಯ ಬಳಿಗೆ ಬಂದಿತು.